ಕೆಮಿಸ್ಟ್ರಿ ಎಲ್ಲಿ ಗಟ್ಟಿ?

ಮೇ ತಿಂಗಳು ಬಂತೆಂದರೆ ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆ ಎರಡು ಗಡಿಬಿಡಿ ಒಟ್ಟಿಗೇ ಶುರು. ಮಳೆ ಹಿಡಿಯುವ ಮೊದಲು ಅಡಿಕೆಗೆ ಮದ್ದು ಬಿಡಬೇಕು, ಅದಕ್ಕೆ ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್, ತಂದಿಡಬೇಕು, ಮರ ಹತ್ತುವವರನ್ನು ಈಗಲೇ ಹೇಳಿಟ್ಟುಕೊಳ್ಳಬೇಕು. ಇನ್ನೊಂದು ಕಡೆ ಮಕ್ಕಳನ್ನು ಎಲ್ಲಿಗೆ ಓದಲು ಕಳಿಸುವುದೆಂಬ ತಲೆಬಿಸಿ. ಮೊದಲನೆಯದಕ್ಕೆ ನನ್ನನ್ನು ಯಾರೂ ಕೇಳುವುದಿಲ್ಲ. ಎರಡನೆಯದಕ್ಕೆ ಕೇಳುತ್ತಾರೆ, ಪ್ಲಸ್ ಟು ಮಕ್ಕಳಿಗೆ ಕೆಮಿಸ್ಟ್ರಿ ಕಲಿಸುತ್ತಲೇ ನನ್ನ ಅರ್ಧ ಆಯುಷ್ಯ ಕಳೆದಿರುವುದರಿಂದ. “ಟೀಚರೇ, ಮಗಳ ಬಿಎಸ್ಸಿ ಮುಗೀತು. ಎಂಎಸ್ಸಿ ಮಾಡಿ ಮುಂದೆ ರಿಸರ್ಚ್ ಮಾಡ್ತಾಳಂತೆ. ಕೆಮಿಸ್ಟ್ರಿ ಎಲ್ಲಿ ಗಟ್ಟಿ?” ಎಂದು ಕೇಳುವಾಗ ಅಪ್ಪನ ಕೈಯಲ್ಲಿ ಫೋನು, ಫೋನಿನಲ್ಲಿ ರ‍್ಯಾಂಕ್ ಪಟ್ಟಿ. ಮಗಳು ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತಾಳೆ.

ಪಟ್ಟಿಗಳ ಮೇಲೆ ನನಗೆ ದ್ವೇಷವೇನೂ ಇಲ್ಲ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಪಟ್ಟಿ 2016ರಿಂದ ಬರುತ್ತಿದೆ. ನೇಚರ್ ಇಂಡೆಕ್ಸ್ ಎಂಬುದೊಂದಿದೆ; ಆಯ್ದ ಕೆಲವು ಪತ್ರಿಕೆಗಳಲ್ಲಿ ಬಂದ ಪ್ರಬಂಧಗಳನ್ನು ಮಾತ್ರ ಅದು ಎಣಿಸುತ್ತದೆ, ಒಂದು ಪ್ರಬಂಧಕ್ಕೆ ಹತ್ತು ಜನ ಲೇಖಕರಿದ್ದರೆ ಒಬ್ಬೊಬ್ಬರಿಗೆ ಹತ್ತನೇ ಒಂದು ಪಾಲು ಹಂಚುತ್ತದೆ. ಎಚ್-ಇಂಡೆಕ್ಸ್ ಅನ್ನು 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಸೂಚಿಸಿದರು: ಒಬ್ಬರ ಇಪ್ಪತ್ತು ಪ್ರಬಂಧಗಳನ್ನು ಬೇರೆಯವರು ತಲಾ ಇಪ್ಪತ್ತು ಸಲವಾದರೂ ಉಲ್ಲೇಖಿಸಿದ್ದರೆ ಅವರ ಎಚ್ ಇಪ್ಪತ್ತು. ಇದರಲ್ಲೆಲ್ಲ ಮೋಸವಿಲ್ಲ. ಆದರೆ ಈ ಅಂಕಿಗಳ ದೊಡ್ಡ ಪಾಲು ಕೆಲವೇ ಜನರ ಬೆನ್ನಿಗೆ ಅಂಟಿಕೊಂಡಿರುತ್ತದೆ. ಆ ಇಬ್ಬರು ಮೂವರು ಬೇರೆ ಊರಿಗೆ ಹೋದರೆ ಅಂಕಿಯೂ ಅವರ ಹಿಂದೆಯೇ ಹೋಗುತ್ತದೆ. ಅಲ್ಲಿಗೆ ಓದಲು ಹೋದ ನಮ್ಮ ಹುಡುಗಿ ಮಾತ್ರ ಅಲ್ಲೇ ಇರುತ್ತಾಳೆ.

ಹಾಗಾಗಿ ನಾನು ನೋಡುವುದು ಬೇರೆ. ಯಾವುದೇ ವಿಶ್ವವಿದ್ಯಾಲಯದ ಕೆಮಿಸ್ಟ್ರಿ ವಿಭಾಗಕ್ಕೆ ಹೋದರೂ ಮೊದಲು ನೆಲಮಹಡಿಯ ಕೋಣೆ ಎಲ್ಲಿದೆ ಎಂದು ಕೇಳುತ್ತೇನೆ. ಅಣುವಿನೊಳಗೆ ಪರಮಾಣುಗಳು ಹೇಗೆ ಜೋಡಿಸಿಕೊಂಡಿವೆ ಎಂದು ತೋರಿಸುವ ಎನ್‌ಎಂಆರ್ ಯಂತ್ರ ಸಾಮಾನ್ಯವಾಗಿ ಅಲ್ಲೇ ಇರುವುದು. ಭಾರ ಹೆಚ್ಚು, ಕಟ್ಟಡದ ಅದುರುವಿಕೆಯೂ ಅದಕ್ಕೆ ಆಗದು. ಹೊರಗಿನಿಂದ ನೋಡಿದರೆ ಮೂರು ಕಾಲಿನ ದೊಡ್ಡ ಸ್ಟೀಲ್ ಹಂಡೆ. ಒಳಗೆ ಮೈಲುಗಟ್ಟಲೆ ಉದ್ದದ ತಂತಿಯ ಸುರುಳಿ, ಅದು ಮುಳುಗಿರುವುದು ದ್ರವ ಹೀಲಿಯಂನಲ್ಲಿ, ಅಂದರೆ ಮೈನಸ್ 269 ಡಿಗ್ರಿಯಲ್ಲಿ. ಆ ಚಳಿಯಲ್ಲಿ ತಂತಿಗೆ ವಿದ್ಯುತ್ತಿನ ತಡೆಯೇ ಇರುವುದಿಲ್ಲ. ಒಮ್ಮೆ ಹರಿಯಬಿಟ್ಟ ವಿದ್ಯುತ್ತು ವರ್ಷಗಟ್ಟಲೆ ಸುತ್ತುತ್ತಲೇ ಇರುತ್ತದೆ. 400 ಮೆಗಾಹರ್ಟ್ಸ್ ಯಂತ್ರವೆಂದರೆ ಸುಮಾರು 9.4 ಟೆಸ್ಲಾದ ಅಯಸ್ಕಾಂತ. ಸುತ್ತ ಇನ್ನೊಂದು ಪದರ ದ್ರವ ಸಾರಜನಕ. ಸಾರಜನಕವನ್ನು ವಾರಕ್ಕೊಮ್ಮೆಯೋ ಹತ್ತು ದಿನಕ್ಕೊಮ್ಮೆಯೋ ತುಂಬಿಸಬೇಕು, ಹೀಲಿಯಂ ಅನ್ನು ಕೆಲವು ತಿಂಗಳಿಗೊಮ್ಮೆ. ಹಟ್ಟಿಯಲ್ಲಿ ದನ ಕಟ್ಟಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ನೆಂಟರ ಮನೆಯಲ್ಲಿ ಮದುವೆಯಿದ್ದರೂ ಹುಲ್ಲು ಹಾಕುವವರೊಬ್ಬರು ಮನೆಯಲ್ಲಿ ಉಳಿಯಲೇಬೇಕು. ತುಂಬಿಸುವುದು ತಪ್ಪಿತೋ, ಸುರುಳಿ ಬಿಸಿಯಾಗಿ ಹೀಲಿಯಂ ಪೂರ್ತಿ ಒಮ್ಮೆಲೇ ಕುದಿದು ಹೊರಗೆ ನುಗ್ಗುತ್ತದೆ. ಒಂದು ಲೀಟರ್ ದ್ರವ ಏಳುನೂರು ಲೀಟರಿಗೂ ಹೆಚ್ಚು ಅನಿಲವಾಗುತ್ತದೆ. ಮತ್ತೆ ತಣ್ಣಗಾಗಿಸಿ ನಿಲ್ಲಿಸಲು ಲಕ್ಷಗಟ್ಟಲೆ ಖರ್ಚು, ಹೀಲಿಯಂ ಬರಬೇಕಾದ್ದೂ ಹೊರದೇಶದಿಂದ.

ಇಂಥ ಯಂತ್ರ ಕೊಳ್ಳಲು ದುಡ್ಡು ಎಲ್ಲಾದರೂ ಹುಟ್ಟುತ್ತದೆ. ಪ್ರಾಜೆಕ್ಟ್ ಬರುತ್ತದೆ, ಮಂತ್ರಿಗಳು ಬಂದು ರಿಬ್ಬನ್ ಕತ್ತರಿಸುತ್ತಾರೆ. ಹತ್ತನೇ ವರ್ಷ ಹೀಲಿಯಂ ತುಂಬಿಸಲು ಮಾತ್ರ ಯಾವ ಮಂತ್ರಿಯೂ ಬರುವುದಿಲ್ಲ. ನಾನು ಕಂಡ ಒಂದು ವಿಭಾಗದಲ್ಲಿ, ಹೆಸರು ಬೇಡ, ಬಿಡಿಭಾಗಕ್ಕೆಂದು ಬರೆದ ಪತ್ರಕ್ಕೆ ಕಂಪನಿಯ ಉತ್ತರ ಬಂದಿತ್ತು, ಅದನ್ನು ತೆರೆಯಬೇಕಾದವರು ಅಷ್ಟರಲ್ಲಿ ನಿವೃತ್ತರಾಗಿದ್ದರು. ಆ ಕುರ್ಚಿಗೆ ಬೇರೆ ಯಾರೂ ಬಂದಿರಲಿಲ್ಲ. ಯಂತ್ರದ ಮೇಲೆ ಹಳದಿ ಪ್ಲಾಸ್ಟಿಕ್ ಹೊದಿಕೆ. ವಿಭಾಗದ ಮಾಹಿತಿ ಪುಸ್ತಕದಲ್ಲಿ ಮಾತ್ರ ಅದರ ಫೋಟೋ ಬಣ್ಣದಲ್ಲಿತ್ತು.

ಕೆಮಿಸ್ಟ್ರಿಯ ಬಲ ಎಂದರೆ ನನ್ನ ಮಟ್ಟಿಗೆ ಮೊದಲು ಇದು: ಯಂತ್ರವನ್ನು ಬದುಕಿಸಿಡುವ ಜನ. ಆಪರೇಟರು, ಗಾಜು ಊದಿ ಬೇಕಾದ ಪಾತ್ರೆ ಮಾಡಿಕೊಡುವವರು, ಸಿಲಿಂಡರುಗಳ ಲೆಕ್ಕ ಇಡುವವರು. ಇವರ ಹೆಸರು ಪ್ರಬಂಧದ ಮೊದಲ ಪುಟದಲ್ಲಿ ಇರುವುದಿಲ್ಲ, ಕೊನೆಯಲ್ಲಿ ‘ಇವರಿಗೂ ವಂದನೆಗಳು’ ಎಂಬ ಸಾಲಿನಲ್ಲಿ ಇದ್ದರೆ ಪುಣ್ಯ.

ಬೆಂಗಳೂರಿನಲ್ಲಿ ಹಳಬರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಎಲ್ಲ ಪಟ್ಟಿಗಳೂ ಮೇಲೆಯೇ ಇಡುತ್ತವೆ. ಅದು ಮೇಲೆ ಬಂದ ದಾರಿ ಮಾತ್ರ ಪಟ್ಟಿಯಲ್ಲಿ ಕಾಣುವುದಿಲ್ಲ. 1909ರಲ್ಲಿ ಸಂಸ್ಥೆ ಹುಟ್ಟಿತು, ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟಿತು, 1911ರಲ್ಲಿ ಮೊದಲ ವಿದ್ಯಾರ್ಥಿಗಳು ಬಂದರು. ಆರಂಭದಲ್ಲಿದ್ದದ್ದು ಕೆಮಿಸ್ಟ್ರಿ ಮತ್ತು ಎಲೆಕ್ಟ್ರಿಕಲ್. ಮೊದಲ ನಿರ್ದೇಶಕರು ಮಾರಿಸ್ ಟ್ರಾವರ್ಸ್. ವಿಲಿಯಂ ರಾಮ್ಸೆ ಜೊತೆ ಸೇರಿ 1898ರಲ್ಲಿ ಕ್ರಿಪ್ಟಾನ್, ನಿಯಾನ್, ಕ್ಸೆನಾನ್ ಕಂಡುಹಿಡಿದವರು. ನಮ್ಮ ಪ್ಲಸ್ ಟು ಮಕ್ಕಳು ಆವರ್ತ ಕೋಷ್ಟಕದ ಬಲತುದಿಯ ಕಂಬವನ್ನು ಬಾಯಿಪಾಠ ಹೊಡೆಯುತ್ತಾರಲ್ಲ, ಅದರಲ್ಲಿ ಮೂರನ್ನು ಹೊರತಂದ ಕೈಗಳೇ ಬೆಂಗಳೂರಿನ ಆ ಕಟ್ಟಡಗಳ ನಕ್ಷೆ ನೋಡಿದವು ಎಂದು ಹೇಳಿದರೆ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ಸಂಸ್ಥೆಗೆ ಹೆಚ್ಚು ಕಾಲ ಆಗಿರಲಿಲ್ಲ, 1914ರಲ್ಲಿ ಮಹಾಯುದ್ಧ ಬಂತು. ಅದುವರೆಗೆ ಮೈಸೂರಿನ ಶ್ರೀಗಂಧದ ಕೊರಡು ಹರಾಜಾಗಿ ಹಡಗು ಹತ್ತಿ ಹೋಗುತ್ತಿತ್ತು, ಎಣ್ಣೆ ತೆಗೆಯುವ ಕೆಲಸದಲ್ಲಿ ಜರ್ಮನಿಯದೇ ಮೇಲುಗೈ. ಯುದ್ಧದಿಂದ ಆ ದಾರಿ ಮುಚ್ಚಿತು. ಮರ ಇದೆ, ಕೊಳ್ಳುವವರಿಲ್ಲ. ಆಗ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರು ಇಲ್ಲೇ ಎಣ್ಣೆ ಬಟ್ಟಿ ಇಳಿಸುವ ಕ್ರಮವನ್ನು ಕುದುರಿಸಿಕೊಟ್ಟರು. 1916ರ ಹೊತ್ತಿಗೆ ಸಂಸ್ಥಾನದ ಎಣ್ಣೆ ಕಾರ್ಖಾನೆ, 1918ರಲ್ಲಿ ಸಾಬೂನು. ಪ್ರಶ್ನೆ ಹೊರಗಿನಿಂದ ಬಂತು, ಉತ್ತರ ಹೇಳಬಲ್ಲವರು ಅಷ್ಟರೊಳಗೆ ಅಲ್ಲಿ ಇದ್ದರು. ಬಲ ಬೇಕಾದಾಗ ಬೆಳೆಸಿಕೊಳ್ಳುತ್ತೇವೆಂದು ಕೂತಿದ್ದರೆ ಯುದ್ಧವೇ ಮುಗಿದುಹೋಗುತ್ತಿತ್ತು.

ಇನ್ನೊಂದು ಕತೆ ಇದಕ್ಕೆ ತದ್ವಿರುದ್ಧ ಎನಿಸಬಹುದು. ಸಿ.ಎನ್.ಆರ್. ರಾವ್ 1976ರಲ್ಲಿ ಕಾನ್ಪುರದಿಂದ ಬೆಂಗಳೂರಿಗೆ ಮರಳಿ ಘನಸ್ಥಿತಿ ರಸಾಯನಶಾಸ್ತ್ರದ ಘಟಕ ಕಟ್ಟಿದರು. ಲೋಹಗಳ ಆಕ್ಸೈಡುಗಳನ್ನು ಒಲೆಯಲ್ಲಿಟ್ಟು ಸುಡುವುದು, ಪುಡಿ ಮಾಡುವುದು, ಮತ್ತೆ ಸುಡುವುದು, ರಚನೆ ನೋಡುವುದು. ಲ್ಯಾಂಥನಂ, ತಾಮ್ರ, ಆಮ್ಲಜನಕ ಸೇರಿದ ಇಂಥ ಪುಡಿಗಳಿಂದ ಯಾರಿಗೆ ಏನು ಲಾಭ ಎಂದು ಆಗ ಕೇಳಿದ್ದರೆ ಹೇಳಲು ದೊಡ್ಡ ಉತ್ತರವಿರಲಿಲ್ಲ. 1986ರಲ್ಲಿ ಜ್ಯೂರಿಕ್‌ನಲ್ಲಿ ಬೆಡ್ನೋರ್ಜ್ ಮತ್ತು ಮ್ಯೂಲರ್ ಇದೇ ಜಾತಿಯ ತಾಮ್ರದ ಆಕ್ಸೈಡಿನಲ್ಲಿ ಅತಿವಾಹಕತೆ, ಅಂದರೆ ವಿದ್ಯುತ್ತಿಗೆ ತಡೆಯೇ ಇಲ್ಲದ ಸ್ಥಿತಿ, ಕಂಡರು. 1987ರ ಆರಂಭದಲ್ಲಿ ದ್ರವ ಸಾರಜನಕದ ಉಷ್ಣತೆಯಲ್ಲೇ ಅತಿವಾಹಕವಾಗುವ ಆಕ್ಸೈಡ್ ಸಿಕ್ಕಿತೆಂಬ ಸುದ್ದಿ ಜಗತ್ತನ್ನೇ ಓಡಿಸಿತು. ಬೆಂಗಳೂರಿನ ಗುಂಪು ಆ ಓಟದಲ್ಲಿ ಮುಂದಿನ ಸಾಲಿನಲ್ಲೇ ಇತ್ತು. ಆ ಜಾತಿಯ ಪುಡಿಗಳ ಒಳಹೊರಗು ಅವರಿಗೆ ವರ್ಷಗಳ ಹಿಂದಿನಿಂದಲೇ ಗೊತ್ತಿತ್ತು, ಅದಕ್ಕೆ. ಯಾರಿಗೂ ಬೇಡವಾದ ಕೆಲಸವನ್ನು ಬಿಡದೆ ಮಾಡಲು ಸಂಬಳ ಕೊಡುವ ವಿಭಾಗವೂ ಬಲವಾದ ವಿಭಾಗವೇ. ನಮ್ಮ ಊರಲ್ಲಿ ಹೀಗೆ ಹೇಳಿದರೆ “ಸರ್ಕಾರದ ದುಡ್ಡು ಅಲ್ಲವಾ” ಎನ್ನುತ್ತಾರೆ. ಹೌದು, ಸರ್ಕಾರದ್ದೇ.

ಈಗ ನಮ್ಮ ತೋಟಕ್ಕೆ ಬರೋಣ. ಸಣ್ಣವಳಿದ್ದಾಗ ಅಂಗಳದಲ್ಲಿ ಅಪ್ಪ ಅಡಿಕೆಗೆ ಬಿಡುವ ಬೋರ್ಡೋ ದ್ರಾವಣ ಮಾಡುವುದನ್ನು ನೋಡಿದ್ದೇ ನನ್ನ ಮೊದಲ ಕೆಮಿಸ್ಟ್ರಿ ಪಾಠ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಬೇರೆ ಬೇರೆ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಉಲ್ಟಾ ಮಾಡಬಾರದು. ಮುಗಿದ ಮೇಲೆ ತಿಕ್ಕಿ ಬೆಳಗಿದ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ಹಿಡಿಯುವುದು. ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು. ಬಿಡಿಯಾಗಿ ಉಳಿದ ತಾಮ್ರ ಕಬ್ಬಿಣದ ಮೇಲೆ ಬಂದು ಕೂರುತ್ತದೆ. ಅದೇ ತಾಮ್ರ ಎಳೆಯ ಅಡಿಕೆಯನ್ನೂ ಸುಡುತ್ತದೆ. ಪ್ಲಸ್ ಟುನಲ್ಲಿ ಸ್ಥಾನಪಲ್ಲಟ ಕ್ರಿಯೆ ಎಂದು ನಾನು ಬೋರ್ಡಿನ ಮೇಲೆ ಬರೆಯುವ ಸಮೀಕರಣ ಇದೇ. ತೋಟದ ಮನೆಯ ಮಕ್ಕಳಿಗೆ ಕತ್ತಿಯ ಮಾತು ಎತ್ತಿದರೆ ಸಾಕು, ಮುಂದಿನದನ್ನು ಅವರೇ ಹೇಳುತ್ತಾರೆ.

ಈ ಮದ್ದು ನಮ್ಮ ಹಿರಿಯರ ಕಾಲದಿಂದ ಬಂದದ್ದೆಂದು ಬಹಳ ಜನ ನಂಬಿದ್ದಾರೆ. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಮಿಲಾರ್ಡೆ 1885ರಲ್ಲಿ ಇದನ್ನು ಪ್ರಕಟಿಸಿದರು. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದು, ಮಲೆನಾಡಿನ ತೋಟಗಳನ್ನು ಸುತ್ತಿ, ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ, ಇದೇ ದ್ರಾವಣವನ್ನು ಅಡಿಕೆ ಗೊನೆಗೆ ಬಿಡಬಹುದೆಂದು ತೋರಿಸಿಕೊಟ್ಟರು. ಅದು 1910ರ ಸುಮಾರಿನ ಮಾತು. ನಮ್ಮಲ್ಲಿ ಮಹಾಳಿ ಎನ್ನುವ ರೋಗ ಅದೇ. ನೂರು ವರ್ಷ ದಾಟಿದರೂ ಅಡಿಕೆ ಬೆಳೆಯುವವರು ಆ ಮದ್ದನ್ನು ಬಿಟ್ಟಿಲ್ಲ. ಆ ಕೆಲಸವನ್ನು ಎಷ್ಟು ಜನ ಉಲ್ಲೇಖಿಸಿದ್ದಾರೆಂದು ನಾನು ಹುಡುಕಿಲ್ಲ. ಮಳೆಗಾಲದಲ್ಲಿ ಪುತ್ತೂರಿನಿಂದ ಮುಳ್ಳೇರಿಯದ ತನಕ ನೀಲಿ ಕಲೆ ಹತ್ತಿದ ಅಂಗಿಗಳನ್ನು ಎಣಿಸಬಹುದು.

ಇಲ್ಲಿಯವರೆಗಿನದು ಸುಲಭದ ಭಾಗ. ನಮ್ಮ ಜಿಲ್ಲೆಯಲ್ಲಿ ಕೂತು ಕೆಮಿಸ್ಟ್ರಿಯ ಬಲದ ಬಗ್ಗೆ ಬರೆಯುವವರು ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ದಾಟಿ ಹೋಗಲಾಗದು.

1970ರ ದಶಕದ ಕೊನೆಯಿಂದ 2000ದವರೆಗೆ ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರು ತೋಟಗಳಿಗೆ ಹೆಲಿಕಾಪ್ಟರಿನಲ್ಲಿ ಈ ಮದ್ದು ಬಿಡುತ್ತಿದ್ದರು, ಗೇರು ಹೂವಿನ ರಸ ಹೀರುವ ಟೀ ಸೊಳ್ಳೆಯನ್ನು ಕೊಲ್ಲಲು. ಗೇರು ಇದ್ದದ್ದು ಗುಡ್ಡೆಯ ನೆತ್ತಿಯಲ್ಲಿ. ಮನೆ, ತೋಟ, ತೋಡು, ಕುಡಿಯುವ ನೀರಿನ ಸುರಂಗ ಎಲ್ಲ ಗುಡ್ಡೆಯ ಬುಡದಲ್ಲಿ. ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ ಕಡೆಯ ಮನೆಗಳಲ್ಲಿ ಏನಾಯಿತೆಂದು ನಾನು ಇಲ್ಲಿ ಮತ್ತೆ ಬರೆಯುವುದಿಲ್ಲ. ಆ ಮಕ್ಕಳ ಫೋಟೋಗಳನ್ನು ಸಾಕಷ್ಟು ಸಲ ಸಾಕಷ್ಟು ಜನ ಮುದ್ರಿಸಿದ್ದಾರೆ. ಕರುಗಳು ಕೈಕಾಲು ಸೊಟ್ಟಗಾಗಿ ಹುಟ್ಟುತ್ತಿರುವುದನ್ನು ಪತ್ರಕರ್ತ ಶ್ರೀ ಪಡ್ರೆ ಬಹಳ ಮೊದಲೇ ಗಮನಿಸಿ ಬರೆದರು. ಅದೇ ಊರಿನಲ್ಲಿ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನ ಕುಮಾರ್ ಕಾಯಿಲೆಗಳ ಲೆಕ್ಕ ಇಡತೊಡಗಿದರು. ಜನರ ಬಾಯಲ್ಲಿ ಅನುಮಾನವಿತ್ತು, ವೈದ್ಯರ ನೋಟ್ ಪುಸ್ತಕದಲ್ಲಿ ಹೆಸರುಗಳಿದ್ದವು. ಇಲ್ಲದ್ದು ಒಂದೇ: ನೀರಿನಲ್ಲಿ, ರಕ್ತದಲ್ಲಿ ಆ ಮದ್ದು ಇದೆಯೋ ಇಲ್ಲವೋ, ಇದ್ದರೆ ಎಷ್ಟು ಎಂಬ ಅಂಕಿ.

ಆ ಅಂಕಿ ಹೊರಡಿಸುವುದು ಎಂಥ ಕೆಲಸ ಎಂದು ತಿಳಿದರೆ ಇಪ್ಪತ್ತು ವರ್ಷ ಅದು ಯಾಕೆ ಬರಲಿಲ್ಲ ಎಂಬುದೂ ಸ್ವಲ್ಪ ತಿಳಿಯುತ್ತದೆ. ನಾವು ಹುಡುಕುತ್ತಿರುವುದು ಸಾವಿರ ಲೀಟರ್ ನೀರಿನಲ್ಲಿ ಒಂದು ಮಿಲಿಗ್ರಾಂ ಇದ್ದರೆ ಅಷ್ಟನ್ನು. ರಕ್ತವನ್ನೋ ನೀರನ್ನೋ ಹೆಕ್ಸೇನಿನಂಥ ದ್ರಾವಕದಲ್ಲಿ ಕುಲುಕಿ, ಕೊಬ್ಬು ಮತ್ತಿತರ ಕಸವನ್ನು ಕಳೆದು, ಉಳಿದ ಒಂದು ಹನಿಯನ್ನು, ಬೆರೆತ ವಸ್ತುಗಳನ್ನು ಒಂದೊಂದಾಗಿ ಬೇರ್ಪಡಿಸುವ ಗ್ಯಾಸ್ ಕ್ರೊಮಾಟೊಗ್ರಾಫಿ ಯಂತ್ರಕ್ಕೆ ಚುಚ್ಚಬೇಕು. ಅದರ ತುದಿಯಲ್ಲಿ ಎಲೆಕ್ಟ್ರಾನ್ ಹಿಡಿಯುವ ಶೋಧಕ ಇರುತ್ತದೆ. ವಿಕಿರಣಶೀಲ ನಿಕೆಲ್‌ನ ಒಂದು ತೆಳು ಹಾಳೆ ಸದಾ ಎಲೆಕ್ಟ್ರಾನುಗಳನ್ನು ಹೊರಡಿಸುತ್ತಿರುತ್ತದೆ, ಅದರಿಂದ ಸಣ್ಣದೊಂದು ವಿದ್ಯುತ್ತು ಹರಿಯುತ್ತಿರುತ್ತದೆ. ಕ್ಲೋರಿನ್ ಇರುವ ಅಣು ಬಂದರೆ ಎಲೆಕ್ಟ್ರಾನುಗಳನ್ನು ಕಚ್ಚಿ ಹಿಡಿಯುತ್ತದೆ, ವಿದ್ಯುತ್ತು ಇಳಿಯುತ್ತದೆ. ಎಂಡೋಸಲ್ಫಾನಿನ ಒಂದು ಅಣುವಿನಲ್ಲಿ ಆರು ಕ್ಲೋರಿನ್. ಹಾಗಾಗಿ ಈ ಶೋಧಕದ ಕಣ್ಣಿಗೆ ಅದು ಬೇಗ ಬೀಳುತ್ತದೆ. ಮಾರಾಟದ ಮದ್ದಿನಲ್ಲಿ ಆಲ್ಫಾ, ಬೀಟಾ ಎಂಬ ಎರಡು ರೂಪಗಳು ಸುಮಾರು ಏಳಕ್ಕೆ ಮೂರರಂತೆ ಇರುತ್ತವೆ. ಮಣ್ಣಿಗೂ ಮೈಗೂ ಸೇರಿದ ಮೇಲೆ ಸಲ್ಫೇಟ್ ಎಂಬ ಮೂರನೆಯದು ಹುಟ್ಟುತ್ತದೆ, ಅದು ಮೂಲದ್ದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ಆಲ್ಫಾ ಬೀಟಾ ಮಾತ್ರ ಹುಡುಕಿ ಸಲ್ಫೇಟ್ ನೋಡದಿದ್ದರೆ ಅರ್ಧ ಕತೆ ಬಿಟ್ಟುಹೋದಂತೆ. ಮದ್ದು ಬಿಟ್ಟ ವಾರ ತೆಗೆದ ನೀರಿಗೂ ಮಳೆ ಸುರಿದು ತಿಂಗಳಾದ ಮೇಲೆ ತೆಗೆದ ನೀರಿಗೂ ಹೋಲಿಕೆಯೇ ಇಲ್ಲ. ಇನ್ನೊಂದು ತೊಡಕು: ಆ ಶೋಧಕ ಕ್ಲೋರಿನ್ ಇರುವ ಬೇರೆ ಎಷ್ಟೋ ವಸ್ತುಗಳಿಗೂ ತಲೆ ಆಡಿಸುತ್ತದೆ. ಕಂಡದ್ದು ಎಂಡೋಸಲ್ಫಾನೇ ಎಂದು ಗಟ್ಟಿಯಾಗಿ ಹೇಳಲು ಅಣುವಿನ ತೂಕ ಹೇಳುವ ಮಾಸ್ ಸ್ಪೆಕ್ಟ್ರೋಮೀಟರಿನ ಸಾಕ್ಷಿ ಬೇಕು.

2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ಮಾದರಿಗಳನ್ನು ಪರೀಕ್ಷಿಸಿ ಎಂಡೋಸಲ್ಫಾನ್ ಇದೆ ಎಂದಿತು. ಬೆನ್ನಿಗೇ ತೋಟದ ಕಡೆಯಿಂದ ನೇಮಿಸಿದ ಇನ್ನೊಂದು ಪ್ರಯೋಗಾಲಯ ಅಂಥದ್ದೇನೂ ಕಾಣಲಿಲ್ಲ ಎಂದಿತು. ಒಬ್ಬರು ಇನ್ನೊಬ್ಬರ ವಿಧಾನವನ್ನು ಜರೆದರು. ಪೇಟೆಯ ಹೋಟೆಲಿನಲ್ಲಿ ಚಾ ಕುಡಿಯುವವರೂ ಅವರವರ ಪಕ್ಷದ ಅಂಕಿ ಹಿಡಿದು ವಾದಿಸಿದರು. ಕೊನೆಗೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದರು. ತೋಟದ ಬುಡದ ಊರಿನ 10ರಿಂದ 19 ವರ್ಷದ 117 ಗಂಡುಮಕ್ಕಳನ್ನೂ, ಮದ್ದು ಬೀಳದ ಊರಿನ 90 ಮಕ್ಕಳನ್ನೂ ಪರೀಕ್ಷಿಸಿದರು. ರಕ್ತದ ಸೀರಂನಲ್ಲಿ ಸರಾಸರಿ ಎಂಡೋಸಲ್ಫಾನ್ ಇಲ್ಲಿ 7.47 ಪಿಪಿಬಿ (ನೂರು ಕೋಟಿಯಲ್ಲಿ ಒಂದು ಪಾಲೆಂದರೆ ಒಂದು ಪಿಪಿಬಿ), ಅಲ್ಲಿ 1.37. ಮದ್ದಿಗೆ ಒಡ್ಡಿಕೊಂಡ ಮಕ್ಕಳು ಪ್ರಾಯಕ್ಕೆ ಬರುವುದು ತಡವಾಗುತ್ತಿರುವ ಸೂಚನೆಯೂ ಸಿಕ್ಕಿತು. 2003ರಲ್ಲಿ ಅದು ಅಂತಾರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. 2011ರ ಏಪ್ರಿಲ್‌ನಲ್ಲಿ ಬೇಗ ಕರಗಿ ಹೋಗದ ವಿಷಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು, ಮೇ 13ರಂದು ನಮ್ಮ ಸುಪ್ರೀಂ ಕೋರ್ಟು ದೇಶದಾದ್ಯಂತ ತಡೆ ಹಾಕಿತು.

ಒಂದು ಮಾತು ಸ್ಪಷ್ಟವಿರಲಿ. ರಕ್ತದಲ್ಲಿ ಮದ್ದು ಇದೆ ಎಂದ ಕೂಡಲೇ ಊರಿನ ಪ್ರತಿಯೊಂದು ಕಾಯಿಲೆಗೂ ಅದೇ ಕಾರಣ ಎಂದಾಗುವುದಿಲ್ಲ. ಅದನ್ನು ಹೇಳಲು ಬೇರೆ ಬಗೆಯ ಅಧ್ಯಯನ ಬೇಕು, ಅದು ಕೆಮಿಸ್ಟರ ಕೆಲಸವೂ ಅಲ್ಲ. ಆದರೆ ‘ಇದೆ, ಇಷ್ಟಿದೆ, ನಮ್ಮ ಅಳತೆಯಲ್ಲಿ ಇಷ್ಟು ಹೆಚ್ಚುಕಮ್ಮಿ ಆಗಿರಬಹುದು’ ಎಂದು ಎರಡೂ ಕಡೆಯವರು ಒಪ್ಪುವಂತೆ ಹೇಳುವುದು ಕೆಮಿಸ್ಟ್ರಿ ವಿಭಾಗದಿಂದ ಆಗಬೇಕಾದ ಕೆಲಸ. ನಮ್ಮ ಗುಡ್ಡೆಗಳಿಂದ ದೆಹಲಿ ಎಷ್ಟು ದೂರ, ಅಹಮದಾಬಾದ್ ಎಷ್ಟು ದೂರ! ಈ ದಾರಿಯ ಮಧ್ಯೆ ಎಷ್ಟು ವಿಶ್ವವಿದ್ಯಾಲಯಗಳು, ಎಷ್ಟು ಕೆಮಿಸ್ಟ್ರಿ ವಿಭಾಗಗಳು, ಎಷ್ಟು ಪಿಎಚ್‌ಡಿಗಳು. ನಾನೂ ಅಂಥದ್ದೇ ಒಂದು ವಿಭಾಗದಲ್ಲಿ ಎಂಎಸ್ಸಿ ಓದುವಾಗ ಕೀಟನಾಶಕಗಳ ರಚನೆಯನ್ನು ಪರೀಕ್ಷೆಗೆ ಕಲಿತು ಬರೆದಿದ್ದೇನೆ. ಅಲ್ಲಿಗೆ ಬಾಟ್ಲಿಯಲ್ಲಿ ನೀರು ಹಿಡಿದುಕೊಂಡು ಹೊರಗಿನವರು ಯಾರೂ ಬಂದದ್ದು ಕಾಣೆ. ಬರಬಹುದೆಂದು ಅವರಿಗೆ ಯಾರು ಹೇಳಿದ್ದರು?

ಎಂಡೋಸಲ್ಫಾನ್ ತಾನೇ ಬಲವಾದ ಕೆಮಿಸ್ಟ್ರಿಯಿಂದ ಹುಟ್ಟಿದ್ದು ಎಂಬುದನ್ನೂ ಮುಚ್ಚಿಡಬಾರದು. ಡೀಲ್ಸ್ ಮತ್ತು ಆಲ್ಡರ್ 1928ರಲ್ಲಿ ಪ್ರಕಟಿಸಿದ ಕ್ರಿಯೆಯಷ್ಟು ಅಚ್ಚುಕಟ್ಟಾದದ್ದು ಸಾವಯವ ರಸಾಯನಶಾಸ್ತ್ರದಲ್ಲಿ ಕಡಿಮೆ. ಎರಡು ತುಂಡುಗಳು ಒಂದೇ ಏಟಿಗೆ ಸೇರಿ ಉಂಗುರವಾಗುತ್ತವೆ, ಕಸ ಉಳಿಯುವುದಿಲ್ಲ. 1950ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅದೇ ದಶಕದಲ್ಲಿ ಜರ್ಮನಿಯ ಹೋಕ್ಸ್ಟ್ ಕಂಪನಿ ಎಂಡೋಸಲ್ಫಾನನ್ನು ಮಾರುಕಟ್ಟೆಗೆ ತಂದದ್ದು ಇದೇ ಕ್ರಿಯೆಯ ದಾರಿಯಲ್ಲಿ. ಅದನ್ನು ಪತ್ತೆ ಹಚ್ಚುವ ಶೋಧಕವನ್ನು 1957ರಲ್ಲಿ ಮಾಡಿದ ಇಂಗ್ಲೆಂಡಿನ ಜೇಮ್ಸ್ ಲವ್‌ಲಾಕ್ ತಲೆಯಲ್ಲಿ ಕೀಟನಾಶಕದ ಯೋಚನೆಯೇ ಇರಲಿಲ್ಲ, ಅವರು ಕೆಲಸ ಮಾಡುತ್ತಿದ್ದದ್ದು ವೈದ್ಯಕೀಯ ಸಂಶೋಧನೆಯ ಸಂಸ್ಥೆಯಲ್ಲಿ. ಮಾಡುವ ಬಲವೂ ಹಿಡಿಯುವ ಬಲವೂ ಹೀಗೆ ಬೇರೆ ಬೇರೆ ಕೋಣೆಗಳಲ್ಲಿ ಬೆಳೆಯುತ್ತವೆ. ಮೊದಲನೆಯದಕ್ಕೆ ಕಂಪನಿ ದುಡ್ಡು ಕೊಡುತ್ತದೆ. ಎರಡನೆಯದಕ್ಕೆ ಕೊಡಬೇಕಾದವರು ನಾವೇ, ಅಂದರೆ ಸರ್ಕಾರ, ವಿಶ್ವವಿದ್ಯಾಲಯ. ಒಂದು ಸಂಸ್ಥೆಯಲ್ಲಿ ಹೊಸ ಅಣು ಕಟ್ಟುವವರು ನಲವತ್ತು ಮಂದಿ ಇದ್ದು, ಕಟ್ಟಿದ ಅಣು ಹೊಳೆಗೆ ಬಿದ್ದರೆ ಏನಾಗುತ್ತದೆಂದು ನೋಡುವವರು ಇಬ್ಬರೇ ಇದ್ದರೆ, ಅದು ಪಟ್ಟಿಯಲ್ಲಿ ಎಷ್ಟು ಮೇಲಿದ್ದರೂ ನನ್ನ ಲೆಕ್ಕದಲ್ಲಿ ಒಂದು ಕೈ ಕುಗ್ಗಿದ ಸಂಸ್ಥೆ.

ಈಗ ಜಿಲ್ಲೆಯಲ್ಲಿ ಏನೂ ಇಲ್ಲವೆಂದಲ್ಲ. ಕೂಡ್ಲಿನ ತೆಂಗು ಸಂಶೋಧನಾ ಕೇಂದ್ರ 1916ರದ್ದು, 1970ರಲ್ಲಿ ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐ ಆಯಿತು. 2009ರಲ್ಲಿ ಕೇರಳದ ಕೇಂದ್ರೀಯ ವಿಶ್ವವಿದ್ಯಾಲಯ ಕಾಸರಗೋಡಿಗೆ ಬಂತು, ಪೆರಿಯದಲ್ಲಿ ಅದರ ಕ್ಯಾಂಪಸ್, ಕೆಮಿಸ್ಟ್ರಿ ವಿಭಾಗವೂ ಉಂಟು. ಅದೇ ಪೆರಿಯದಲ್ಲಿ, ರಾಜಪುರಂ ಮತ್ತು ಚೀಮೇನಿ ಕಡೆಗಳಲ್ಲಿ, ಮದ್ದು ಬಿಡುವುದು ನಿಂತ ಮೇಲೂ ಉಳಿದ ಎಂಡೋಸಲ್ಫಾನ್ ಕಾರ್ಪೊರೇಷನ್ ಗೋದಾಮುಗಳ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಕೂತಿತ್ತು. ತುಕ್ಕು ಹಿಡಿದ ಪೀಪಾಯಿಯಿಂದ ಬೇರೆ ಪೀಪಾಯಿಗೆ ಸುರಿದಿಟ್ಟದ್ದೂ ಆಯಿತು. ಏನು ಮಾಡಬೇಕೆಂಬ ಚರ್ಚೆ ಕೋರ್ಟು, ಟ್ರಿಬ್ಯುನಲ್ ತನಕ ಹೋಯಿತು. ಕ್ಷಾರದಲ್ಲಿ ಎಂಡೋಸಲ್ಫಾನ್ ಒಡೆಯುತ್ತದೆ ಎಂಬುದು ಎಂಎಸ್ಸಿ ಹುಡುಗರಿಗೂ ಗೊತ್ತು. ನೂರಾರು ಲೀಟರನ್ನು, ಬೇರೆ ದ್ರಾವಕಗಳ ಜೊತೆ ಬೆರೆತದ್ದನ್ನು, ಕೊನೆಯ ಪಿಪಿಬಿಯ ತನಕ ಒಡೆದಿದೆ ಎಂದು ತೋರಿಸಿಕೊಡುವುದು ಬೇರೆಯೇ ಮಾತು. ಪಿಎಚ್‌ಡಿಗೆ ವಿಷಯ ಹುಡುಕುತ್ತಾ ಗೂಗಲಿನಲ್ಲಿ ಅಲೆಯುವ ಮಕ್ಕಳಿಗೆ ನಾನು ಈ ಗೋದಾಮಿನ ಕತೆ ಹೇಳುತ್ತೇನೆ. ಅರ್ಧದಷ್ಟು ಜನರಿಗೆ ಅದು ಕೆಮಿಸ್ಟ್ರಿ ಎಂದೇ ಅನಿಸುವುದಿಲ್ಲ, “ಅದು ಸರ್ಕಾರದ ಕೆಲಸ ಅಲ್ಲವಾ ಟೀಚರೇ” ಎನ್ನುತ್ತಾರೆ.

ದೊಡ್ಡ ಯಂತ್ರ ಪ್ರತಿ ಊರಿನಲ್ಲೂ ಇರಬೇಕೆಂದು ನಾನು ಹೇಳುತ್ತಿಲ್ಲ. ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯದಲ್ಲಿ, ಮದ್ರಾಸಿನ ಐಐಟಿಯಲ್ಲಿ ಕೇಂದ್ರದ ನೆರವಿನ ಉಪಕರಣ ಕೇಂದ್ರಗಳಿವೆ. ಶುಲ್ಕ ಕಟ್ಟಿದರೆ ಹೊರಗಿನವರ ಮಾದರಿಯನ್ನೂ ಓಡಿಸಿ ಕೊಡುತ್ತಾರೆ. 2020ರಿಂದ ಐ-ಸ್ಟೆಮ್ ಎಂಬ ಪೋರ್ಟಲಿನಲ್ಲಿ ಯಾವ ಸಂಸ್ಥೆಯಲ್ಲಿ ಯಾವ ಯಂತ್ರವಿದೆ ಎಂದು ನೋಡಿ ಸಮಯ ಕಾದಿರಿಸಬಹುದು. ಕಷ್ಟ ಇರುವುದು ಮಾದರಿಯನ್ನು ಸರಿಯಾಗಿ ತೆಗೆಯುವವರಲ್ಲಿ. ಯಾವ ಬಾಟ್ಲಿ, ಎಷ್ಟು ತಣ್ಣಗೆ, ಎಷ್ಟು ದಿನದೊಳಗೆ, ಜೊತೆಗೆ ಹೋಲಿಸಲು ಎಲ್ಲಿಯ ನೀರು. ಇಷ್ಟನ್ನು ಕಲಿತ ನಾಲ್ಕು ಜನ ಜಿಲ್ಲೆಯಲ್ಲಿ ಇದ್ದಿದ್ದರೆ 1980ರ ದಶಕದಲ್ಲೇ ಎಷ್ಟೋ ಆಗುತ್ತಿತ್ತು.

ಹಾಗಾಗಿ ಆ ಅಪ್ಪ ಮಗಳಿಗೆ ನಾನು ಹೇಳುವುದು ಇಷ್ಟೇ: ಸೇರುವ ಮೊದಲು ಒಮ್ಮೆ ಹೋಗಿ ನೋಡಿ ಬನ್ನಿ. ಪ್ರೊಫೆಸರರ ಕೋಣೆಗೆ ಆಮೇಲೆ ಹೋದರಾಯಿತು. ಯಂತ್ರದ ಪಕ್ಕದ ಲಾಗ್ ಪುಸ್ತಕ ಎಲ್ಲಿದೆ ಕೇಳಿ, ಕಳೆದ ತಿಂಗಳ ಪುಟ ತಿರುವಿ. ಬರೇ ಎರಡು ಮೂರು ಹೆಸರು ಪುನಃ ಪುನಃ ಇದ್ದರೆ ಉಳಿದವರಿಗೆ ಅದು ಸಿಗುವುದಿಲ್ಲ ಎಂದರ್ಥ. ಆಪರೇಟರು ಕಾಯಂ ಆಗಿದ್ದಾರೋ ಆರು ತಿಂಗಳ ಗುತ್ತಿಗೆಯಲ್ಲೋ ಕೇಳಿ. ಎಂಎಸ್ಸಿಯವರಿಗೆ ಯಂತ್ರ ಮುಟ್ಟಲು ಬಿಡುತ್ತಾರೋ, ಗಾಜಿನ ಆಚೆಯಿಂದ ತೋರಿಸಿ ಕಳಿಸುತ್ತಾರೋ ಸೀನಿಯರುಗಳ ಹತ್ತಿರ ಕ್ಯಾಂಟೀನಿನಲ್ಲಿ ವಿಚಾರಿಸಿ. ಪಿಎಚ್‌ಡಿಗೆ ಸೇರಿದವರು ಎಷ್ಟು ವರ್ಷದಲ್ಲಿ ಹೊರಬರುತ್ತಾರೆ, ಮಧ್ಯದಲ್ಲಿ ಬಿಟ್ಟು ಹೋದವರು ಎಷ್ಟು ಎಂಬುದೂ ಅಲ್ಲೇ ಸಿಗುತ್ತದೆ. ಅಪ್ಪಂದಿರಿಗೆ ಇದು ಹೆಣ್ಣು ನೋಡುವ ಕ್ರಮಕ್ಕಿಂತ ಜಾಸ್ತಿಯಾಯಿತು ಎನಿಸುತ್ತದೆ. ಒಬ್ಬರಂತೂ “ನಮಗೆ ಅಲ್ಲಿ ಕನ್ನಡದಲ್ಲಿ ಯಾರು ಮಾತಾಡ್ತಾರೆ ಟೀಚರೇ” ಎಂದರು. ಗ್ಯಾಸ್ ಸಿಲಿಂಡರ್ ಹೊರುವವರು ಮಾತಾಡುತ್ತಾರೆ, ಅವರಿಗೆ ವಿಭಾಗದ ಕತೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ ಎಂದೆ.

ಹೀಗೆ ನೋಡಿ ಬಂದು ಸೇರಿದ ಒಬ್ಬಳು ಈಗ ನೀರಿನಲ್ಲಿನ ಕೀಟನಾಶಕಗಳ ಮೇಲೆ ಕೆಲಸ ಮಾಡುತ್ತಿದ್ದಾಳೆ. ಮೊನ್ನೆ ಫೋನ್ ಮಾಡಿದಳು.

“ಟೀಚರೇ, ಏನೂ ಹಾಕದ ಖಾಲಿ ಸ್ಯಾಂಪಲ್ಲಿನಲ್ಲೇ ಕೀಟನಾಶಕ ಇದ್ದ ಹಾಗೆ ಪೀಕ್ ಬರ್ತಾ ಉಂಟು.”

“ಎಲ್ಲಿಂದ?”

“ಪ್ಲಾಸ್ಟಿಕ್ ಮುಚ್ಚಳದಿಂದ ಅಂತ ಕಾಣ್ತದೆ. ಇಲ್ಲದಿದ್ರೆ ಹೆಕ್ಸೇನೇ ಶುದ್ಧ ಇಲ್ಲ. ಇಷ್ಟು ತಿಂಗಳಿನ ರೀಡಿಂಗ್ ಎಲ್ಲ ಬದಿಗಿಡಿ, ಮೊದಲಿನಿಂದ ಮಾಡಿ ಅಂದ್ರು ಗೈಡ್.”

ಅವಳ ದನಿಯಲ್ಲಿ ಅಳು ಇತ್ತು. ಗೈಡ್ ಒಳ್ಳೆಯವರು ಸಿಕ್ಕಿದ್ದಾರೆ ಎಂದು ನಾನು ಹೇಳಿದ್ದು ಅವಳಿಗೆ ಅಷ್ಟೇನೂ ರುಚಿಸಲಿಲ್ಲ. ಮುಚ್ಚಳ ಬದಲಾಯಿಸಿಯಾಗಿದೆಯಂತೆ. ಹೆಕ್ಸೇನಿನ ಹೊಸ ಬಾಟ್ಲಿಗೆ ಮಾತ್ರ ಇನ್ನೂ ಮೂರು ವಾರ ಕಾಯಬೇಕು, ಫೈಲು ಪರ್ಚೇಸ್ ಸೆಕ್ಷನಿನಲ್ಲಿ ನಿಂತಿದೆ.